ಹಳೆಯದು ಬೇರೆ, ಹಳಸಿದ್ದು ಬೇರೆ

(ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿ ಸಾಫ್ಟ್‌ವೇರ್ ಗೆಳೆಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ರೆಕಾರ್ಡಿಂಗ್ ಕೇಳಿ ಬರೆದದ್ದು. ಮಳೆಯ ಸದ್ದಿನಲ್ಲಿ ಕೇಳಿಸದೆ ಹೋದ ಕಡೆ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬಂದದ್ದು ಕಂಡು ನನಗೆ ಸ್ವಲ್ಪ ಸಂಕೋಚವೇ ಆಗ್ತಾ ಉಂಟು. ನಾನು ಹೇಳಲಿಕ್ಕೆ ಹೊರಟದ್ದು ಹೊಸದಾಗಿ ಏನನ್ನೂ ಕಟ್ಟದ ಒಂದು ಕೆಲಸದ ಕತೆ. ನಾವು ಮೂರು ಜನ ಸೇರಿ ನಾಲ್ಕು ತಿಂಗಳಲ್ಲಿ ಒಂದು ಲೈಬ್ರರಿಯ ಡಾಕ್ಯುಮೆಂಟೇಶನ್‌ನಿಂದ ಐದಾರು ಪುಟ ಅಳಿಸಿದೆವು. ಅಷ್ಟೆ. ಲೈಬ್ರರಿ ಅಂದರೆ ಪುಸ್ತಕದ್ದಲ್ಲ, ಬೇರೆ ಪ್ರೋಗ್ರಾಮುಗಳು ಎತ್ತಿ ಬಳಸುವ ಸಿದ್ಧ ಕೋಡು; ಡಾಕ್ಯುಮೆಂಟೇಶನ್ ಅಂದರೆ ಅದನ್ನು ಬಳಸುವ ಬಗೆ ಹೇಳುವ ಪುಟಗಳು. ಡಾಕ್ಯುಮೆಂಟೇಶನ್ ಬದಲು ದಸ್ತಾವೇಜು ಅನ್ನಬಹುದಲ್ಲ ಅಂತ ಒಬ್ಬರು ಸಲಹೆ ಕೊಟ್ಟರು. ದಸ್ತಾವೇಜು ಅಂದ ಕೂಡಲೆ ನನಗೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಬೆಂಚು ಕಣ್ಣೆದುರು ಬರ್ತದೆ. ಹಾಗಾಗಿ ಇವತ್ತು ಡಾಕ್ಸ್ ಅಂತಲೇ ಹೇಳ್ತೇನೆ, ಸುಧಾರಿಸಿಕೊಳ್ಳಿ.

ಮೊದಲು ಲೈಬ್ರರಿ ಎಂಥದು ಅಂತ ಎರಡು ಮಾತು. ಹಳೆ ನುಡಿ, ಬರಹ, ಶ್ರೀಲಿಪಿಯಂಥ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಕನ್ನಡವನ್ನು ಯೂನಿಕೋಡಿಗೆ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಅವುಗಳದ್ದೇ ಸಂಖ್ಯೆ ಕೊಡುವ ವ್ಯವಸ್ಥೆಗೆ, ತರುವುದು ಅದರ ಕೆಲಸ. ಆ ಫಾಂಟುಗಳ ಕಾಲದಲ್ಲಿ ಅದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದರು. ಕಣ್ಣಿಗೆ ಕಾಣುವ ಕ್ರಮದಲ್ಲೇ ಅವು ಸಾಲಾಗಿ ನಿಲ್ಲುತ್ತಿದ್ದವು. 'ಧರ್ಮ' ಅಂತ ಬರೆದರೆ ಮೊದಲು ಧ, ಆಮೇಲೆ ಮ, ಕೊನೆಗೆ ಅರ್ಕಾವತ್ತು. ಯೂನಿಕೋಡಿನದ್ದು ಉಚ್ಚಾರದ ಕ್ರಮ, ಅಲ್ಲಿ ಆ 'ರ್' ಮಕಾರಕ್ಕಿಂತ ಮೊದಲೇ ಬರಬೇಕು. ಅಂದರೆ ಹಿಂದೆ ನಿಂತವನನ್ನು ಎತ್ತಿ ಮುಂದಿನ ಸೀಟಿಗೆ ಕೂರಿಸಬೇಕು. ಇಂಥ ನೂರಾರು ತಕರಾರುಗಳನ್ನು ಬಿಡಿಸುವ ಒಂದು ಸಿ++ ಭಾಷೆಯ ಲೈಬ್ರರಿ, ಅದರ ಮೇಲೆ ತೆಳ್ಳಗೆ ಒಂದು ಪೈಥಾನ್ ಭಾಷೆಯ ಹೊದಿಕೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಶುರುವಾಗಿ ಕಂಪ್ಯೂಟರಿನ ಕನ್ನಡಕ್ಕೆ ನಮ್ಮ ಕರಾವಳಿಯವರು ಮಾಡಿದ ಕೆಲಸ ದೊಡ್ಡದು. ನಮ್ಮ ಲೈಬ್ರರಿ ಅದರ ಹಿಂದಿನ ಬೆಂಚಿನದ್ದು. ಹೆಸರು ಹೇಳುವುದಿಲ್ಲ, ಹೇಳಿದರೆ ಈಗಲೇ ಮೊಬೈಲ್ ತೆಗೆದು ತಪ್ಪು ಹುಡುಕ್ತೀರಿ.

ಅಕ್ಷರಗಳ ಲೆಕ್ಕಾಚಾರಕ್ಕೆ ನಾವು ಐಸಿಯು ಅನ್ನುವ ದೊಡ್ಡ ಲೈಬ್ರರಿಯನ್ನು ನೆಚ್ಚಿಕೊಂಡಿದ್ದೇವೆ. ಆ ಹೆಸರು ಕೇಳಿ ಗಾಬರಿಯಾಗುವುದು ಬೇಡ, ಆಸ್ಪತ್ರೆಯದ್ದಲ್ಲ. ಆದರೆ ಕತೆ ಶುರುವಾಗುವುದು ಅಲ್ಲಿಂದಲೇ.

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಯಿಂದ ಒಂದು ಮೇಲ್ ಬಂತು. ಅವನ ಅಜ್ಜ ಯಕ್ಷಗಾನದ ಪ್ರಸಂಗಗಳನ್ನು ಹಳೆ ಫಾಂಟಿನಲ್ಲಿ ಟೈಪ್ ಮಾಡಿಸಿ ಇಟ್ಟಿದ್ದರಂತೆ, ಅದನ್ನು ಯೂನಿಕೋಡಿಗೆ ತರಬೇಕಿತ್ತು. ನಮ್ಮ ಡಾಕ್ಸಿನ ಇನ್‌ಸ್ಟಾಲ್ ಪುಟ ಇಟ್ಟುಕೊಂಡು ಎರಡು ದಿನ ಕೂತಿದ್ದಾನೆ. ಮೇಲ್‌ನ ಮೊದಲ ಸಾಲು ಹೀಗಿತ್ತು: 'ಸರ್, ನನ್ನಿಂದಲೇ ಎಲ್ಲೋ ತಪ್ಪಾಗಿದೆ, ಕ್ಷಮಿಸಿ.' ಕೆಳಗೆ ಮೂರು ಪರದೆ ಉದ್ದದ ಎರರ್ ಅಂಟಿಸಿದ್ದ. ಎರರ್ ಎಲ್ಲ ಐಸಿಯುವಿನ ಸ್ವಂತ ಹೆಡರ್ ಕಡತಗಳೊಳಗಿಂದ ಬರ್ತಾ ಇತ್ತು. ಅವನು ಐಸಿಯುವನ್ನು ಮೂರು ಸಲ ತೆಗೆದು ಪುನಃ ಹಾಕಿದ್ದಾನೆ. ಆಮೇಲೆ ಇಡೀ ಲಿನಕ್ಸನ್ನೇ ಒಮ್ಮೆ ತೆಗೆದು ಪುನಃ ಹಾಕಿದ್ದಾನೆ.

ತಪ್ಪು ಅವನದ್ದಲ್ಲ, ಐಸಿಯುವಿನದ್ದೂ ಅಲ್ಲ. ನಮ್ಮ ಪುಟದಲ್ಲಿ ಒಂದು ಸಾಲು ಇತ್ತು: ಕಂಪೈಲ್ ಮಾಡುವ ಮೊದಲು ಸಿ++11 ಅಂತ ಹೇಳುವ ಫ್ಲ್ಯಾಗ್ ಹಾಕಿ. ಕಂಪೈಲ್ ಅಂದರೆ ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವುದು, ಫ್ಲ್ಯಾಗ್ ಅಂದರೆ ಕಮಾಂಡಿನ ಜೊತೆ ಕೊಡುವ ಸೂಚನೆ, 11 ಅಂದರೆ ಸಿ++ ಭಾಷೆಯ 2011ರ ಆವೃತ್ತಿ. ಇದು 2013ರಲ್ಲಿ ಬರೆದ ಸಾಲು, ಆಗ ನೂರಕ್ಕೆ ನೂರು ಸರಿ ಇತ್ತು. ಆ ಕಾಲದ ಜಿಸಿಸಿ ಕಂಪೈಲರಿಗೆ ನಾವು ಏನೂ ಹೇಳದಿದ್ದರೆ ಅದು 1998ರ ಸಿ++ ಅಂತಲೇ ಲೆಕ್ಕ ಹಿಡಿಯುತ್ತಿತ್ತು. ನಮ್ಮ ಕೋಡಿಗೆ 11 ಬೇಕಿತ್ತು. ಹಾಗಾಗಿ ಆ ಫ್ಲ್ಯಾಗ್ ಕಂಪೈಲರನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸುತ್ತಿತ್ತು. 2016ರಲ್ಲಿ ಜಿಸಿಸಿ 6 ಬಂತು, ಏನೂ ಹೇಳದಿದ್ದರೆ 14 ಅಂತ ಹಿಡಿಯಿತು. 2021ರಲ್ಲಿ ಜಿಸಿಸಿ 11, ಅದು 17 ಅಂತ ಹಿಡಿಯಿತು. ನಮ್ಮ ಸಾಲು ಇದ್ದಲ್ಲೇ ಇತ್ತು. ಮೇಲಕ್ಕೆ ಹತ್ತಿಸಲಿಕ್ಕೆ ಇಟ್ಟ ಏಣಿ ಈಗ ಕೆಳಗೆ ಇಳಿಸಲಿಕ್ಕೆ ಶುರು ಮಾಡಿತ್ತು, ಒಂದಕ್ಷರ ಬದಲಾಗದೆ. ಆದರೂ ಯಾರಿಗೂ ತೊಂದರೆ ಆಗಲಿಲ್ಲ, ಯಾಕೆಂದರೆ ಐಸಿಯು ಕೂಡ ಆವೃತ್ತಿ 59ರಿಂದ 11 ಸಾಕು ಅಂತಲೇ ಹೇಳಿಕೊಂಡು ಬಂದಿತ್ತು. 2024ರಲ್ಲಿ ಐಸಿಯು 75 ಬಂತು, ಇನ್ನು 17 ಇಲ್ಲದೆ ಆಗುವುದಿಲ್ಲ ಅಂದಿತು. ಹುಡುಗನ ಯಂತ್ರದಲ್ಲಿದ್ದದ್ದು 76. ನಮ್ಮ ಪುಟ ಹೇಳಿದ ಹಾಗೆ ಅವನು ನಿಯತ್ತಿನಲ್ಲಿ 11 ಅಂತ ಹಾಕಿದ. ಪುಟ ಓದದೆ ಸುಮ್ಮನೆ ಮೇಕ್ ಅನ್ನುವ ಕಮಾಂಡ್ ಹೊಡೆದಿದ್ದರೆ ಮೊದಲ ಸಲಕ್ಕೇ ಆಗ್ತಿತ್ತು!

ಇದು ನನಗೆ ಎಷ್ಟು ಚುಚ್ಚಿತು ಅಂದರೆ, ಡಾಕ್ಸ್ ಓದುವುದಿಲ್ಲ ಅಂತ ನಾವು ವರ್ಷಗಟ್ಟಲೆ ಜನರನ್ನು ಬೈದಿದ್ದೇವೆ. ಇಲ್ಲಿ ಓದಿದವನಿಗೇ ಶಿಕ್ಷೆ.

ಯಾಕೆ ನಮ್ಮ ಕಣ್ಣಿಗೆ ಬೀಳಲಿಲ್ಲ? ಇನ್‌ಸ್ಟಾಲ್ ಪುಟ ಓದುವವರು ಯಾರು ಅಂತ ಯೋಚನೆ ಮಾಡಿ. ಲೈಬ್ರರಿ ಇನ್ನೂ ಇಲ್ಲದವರು. ನನ್ನ ಯಂತ್ರದಲ್ಲಿ ಅದು ಹತ್ತು ವರ್ಷದಿಂದ ಉಂಟು. ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡಾಗಲೂ ನನ್ನದೇ ಒಂದು ಸ್ಕ್ರಿಪ್ಟ್ ಓಡಿಸ್ತೇನೆ, ಪುಟದ ಹತ್ತಿರ ಹೋಗುವುದೇ ಇಲ್ಲ. ಮನೆಯವರಿಗೆ ತಮ್ಮ ಮನೆಯ ಬೆಲ್ ಕೆಟ್ಟದ್ದು ಗೊತ್ತಾಗುವುದಿಲ್ಲ, ಅವರು ಬೆಲ್ ಒತ್ತುವುದೇ ಇಲ್ಲವಲ್ಲ. ಬಂದವರು ಎರಡು ಸಲ ಒತ್ತಿ, ಮನೆಯಲ್ಲಿ ಯಾರೂ ಇಲ್ಲ ಅಂತ ವಾಪಸು ಹೋಗ್ತಾರೆ. ಆ ಹುಡುಗ ಮೇಲ್ ಬರೆದ, ಅದು ಅವನ ದೊಡ್ಡತನ. ಬರೆಯದೆ ಹೋದವರು ಎಷ್ಟು ಮಂದಿಯೋ.

ಈಗ ಹಳೆಯದು ಮತ್ತು ಹಳಸಿದ್ದು ಅನ್ನುವ ಮಾತಿಗೆ ಬರ್ತೇನೆ. ಎರಡನ್ನೂ ನಾವು ಒಂದೇ ಬುಟ್ಟಿಗೆ ಹಾಕ್ತೇವೆ. ಮಿಡಿ ಉಪ್ಪಿನಕಾಯಿ ಹಳೆಯದಾದಷ್ಟು ರುಚಿ. ಮಧ್ಯಾಹ್ನದ ಸಾಂಬಾರು ರಾತ್ರಿಗೇ ಹಳಸ್ತದೆ. ವಯಸ್ಸು ನೋಡಿ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ, ಮೂಸಿ ನೋಡಬೇಕು. ಸೋರ್ಸ್ ಕೋಡಿನಿಂದ ಸಾಫ್ಟ್‌ವೇರ್ ಕಟ್ಟುವ, ಅಂದರೆ ಬಿಲ್ಡ್ ಮಾಡುವ, ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಅನ್ನುವ ಮೂರು ಹೆಜ್ಜೆ ಉಂಟಲ್ಲ, ಅದರ ಹಿಂದಿರುವ ಆಟೊಕಾನ್ಫ್ 1991ರದ್ದು. ಇವತ್ತಿಗೂ ಎಷ್ಟೋ ಪ್ರಾಜೆಕ್ಟುಗಳಲ್ಲಿ ಆ ಮೂರೂ ಚೆನ್ನಾಗಿಯೇ ನಡೀತವೆ.

ಊರಿನದ್ದೇ ಉದಾಹರಣೆ ಬೇಕಾದರೆ, ಲೇಡಿಹಿಲ್ ಸರ್ಕಲಿಗೆ 2022ರಲ್ಲಿ ನಾರಾಯಣ ಗುರುಗಳ ಹೆಸರು ಬಂತು. ಸಿಟಿ ಬಸ್ಸಿನಲ್ಲಿ ಈಗಲೂ 'ಲೇಡಿಹಿಲ್, ಲೇಡಿಹಿಲ್' ಅಂತ ಕೂಗಿದರೆ ಜನ ಸರಿಯಾದ ಜಾಗದಲ್ಲೇ ಇಳೀತಾರೆ. ಹೆಸರು ಹಳೆಯದು, ದಾರಿ ಸರಿ ಉಂಟು. ಇನ್ನೊಂದು, ವಿಮಾನ ನಿಲ್ದಾಣ. 2010ರ ಮೇ ತಿಂಗಳಲ್ಲಿ ಹೊಸ ಟರ್ಮಿನಲ್ ಕೆಂಜಾರಿನ ಕಡೆಗೆ ಬಂತು. ಅದಕ್ಕಿಂತ ಮೊದಲು ಹೋಗಬೇಕಾದದ್ದು ಬಜಪೆಯ ಕಡೆಗೆ. ಹಳೆ ನಕ್ಷೆ ಹಿಡಿದು ಬಜಪೆಗೆ ಹೋದವನಿಗೆ ದಾರಿ ತಪ್ಪಿತು ಅಂತ ಅನಿಸುವುದೇ ಇಲ್ಲ. ರಸ್ತೆ ಉಂಟು, ಬೋರ್ಡು ಉಂಟು, ಆಚೆ ವಿಮಾನ ಇಳಿಯುವ ಸದ್ದೂ ಕೇಳ್ತದೆ. ವಿಮಾನ ಹತ್ತುವ ಬಾಗಿಲು ಮಾತ್ರ ಅಲ್ಲಿಲ್ಲ.

ಹಳಸಿದ ಬಿಲ್ಡ್ ಸೂಚನೆಗಳಲ್ಲಿ ಅತಿ ಕೆಟ್ಟದ್ದು ಈ ಬಜಪೆ ಜಾತಿಯದ್ದು. ಅದನ್ನು ಹೇಳುವ ಮೊದಲು ನಮ್ಮ ಪುಟದ ಪದರಗಳನ್ನು ಒಮ್ಮೆ ಬಿಡಿಸಿ ತೋರಿಸ್ತೇನೆ. ಪತ್ರೊಡೆಯ ಸುರುಳಿ ಇದ್ದ ಹಾಗೆ ಇತ್ತು, ಎಲೆಯ ಮೇಲೆ ಎಲೆ.

ಎಲ್ಲಕ್ಕಿಂತ ಅಡಿಯಲ್ಲಿ 2009ರ ಎಲೆ: ಗೂಗಲ್ ಕೋಡ್‌ನಿಂದ ಸಬ್‌ವರ್ಶನ್‌ನಲ್ಲಿ ಸೋರ್ಸ್ ಇಳಿಸಿಕೊಳ್ಳಿ. ಜನ ತಮ್ಮ ಕೋಡ್ ಇಡುತ್ತಿದ್ದ ಗೂಗಲ್ ಕೋಡ್ ಸೈಟು 2016ರ ಜನವರಿಯಲ್ಲಿ ಮುಚ್ಚಿತು. ಆ ಕಮಾಂಡ್ ಹೊಡೆದರೆ ತಕ್ಷಣ ಎರರ್ ಬರ್ತದೆ. ಇದು ಸತ್ತ ಸಾಲು, ಆದರೆ ಸತ್ತಿದ್ದೇನೆ ಅಂತ ತಾನೇ ಕೂಗಿ ಹೇಳುವ ಸಾಲು. ಅದರಿಂದ ಅಂಥ ಅಪಾಯ ಇಲ್ಲ, ಮರ್ಯಾದೆ ಹೋಗ್ತದೆ ಅಷ್ಟೆ.

ಅದರ ಮೇಲೆ ಗಿಟ್ ಎಲೆ. ಗಿಟ್ ಕೂಡ ಸಬ್‌ವರ್ಶನ್‌ನ ಹಾಗೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ. ಗಿಟ್‌ಹಬ್‌ನ ವಿಳಾಸ, ಆದರೆ ಎಚ್‌ಟಿಟಿಪಿಎಸ್ ಅಲ್ಲ, ಗಿಟ್‌ನದ್ದೇ ಹಳೆ ಪ್ರೋಟೊಕಾಲ್. ಗೂಢಲಿಪಿಯ ರಕ್ಷಣೆ ಇಲ್ಲದ ಆ ದಾರಿಯನ್ನು ಗಿಟ್‌ಹಬ್ 2022ರ ಮಾರ್ಚ್‌ನಲ್ಲಿ ಪೂರ್ತಿ ಮುಚ್ಚಿತು. ಇದು ಸತ್ತ ರೀತಿ ಸ್ವಲ್ಪ ಮೋಸದ್ದು. ಆ ಪ್ರೋಟೊಕಾಲ್ ಬಳಸುವ 9418ನೇ ಪೋರ್ಟನ್ನು ಕಾಲೇಜು, ಆಫೀಸುಗಳ ನೆಟ್‌ವರ್ಕ್ ಮೊದಲಿಂದಲೂ ತಡೆಯುವುದುಂಟು. ಹಾಗಾಗಿ ಕನೆಕ್ಷನ್ ಆಗದಿದ್ದಾಗ ವಿದ್ಯಾರ್ಥಿಗಳು ಬೈಯುವುದು ಕಾಲೇಜಿನ ಲ್ಯಾಬಿನವರನ್ನು. ಹಾಸ್ಟೆಲಿಗೆ ಹೋಗಿ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮತ್ತೊಮ್ಮೆ ನೋಡ್ತಾರೆ. ಪಾಪ, ಡೇಟಾ ಖರ್ಚು ಬೇರೆ.

ಆಮೇಲೆ ವಿಂಡೋಸ್ ಎಲೆ, ಇದು ದಪ್ಪದ್ದು. ಪೈಥಾನ್ 2.7ಕ್ಕೆ ಸಿ ಭಾಷೆಯ ಹೊದಿಕೆ ಕಟ್ಟಬೇಕಾದರೆ 2008ರ ವಿಷುವಲ್ ಸಿ++ ಬೇಕಿತ್ತು, ಯಾಕೆಂದರೆ ಪೈಥಾನನ್ನು ಕಟ್ಟಿದ್ದೂ ಅದರಲ್ಲೇ. ಇಲ್ಲದಿದ್ದರೆ 'ವಿಸಿವಾರ್ಸ್‌ಆಲ್ ಡಾಟ್ ಬ್ಯಾಟ್ ಸಿಗಲಿಲ್ಲ' ಅನ್ನುವ ಎರರ್. ಆ ಕಾಲದವರು ಇಲ್ಲಿ ಇದ್ದರೆ ಕೈ ಎತ್ತಿ. ಹಾಂ, ಉಂಟು ನಾಲ್ಕೈದು ಕೈ. ನಿಮ್ಮ ನೋವು ನನಗೆ ಗೊತ್ತುಂಟು. 2014ರಲ್ಲಿ ಮೈಕ್ರೋಸಾಫ್ಟ್ 2.7ರವರಿಗೋಸ್ಕರವೇ ಆ ಕಂಪೈಲರನ್ನು ಬಿಡಿಯಾಗಿ ಕೊಟ್ಟಿತು. ನಮ್ಮ ಪುಟದಲ್ಲಿ ಇದೆಲ್ಲದರ ವಿವರ ಒಂದೂವರೆ ಪುಟ, ಚಿತ್ರ ಸಮೇತ. ಪೈಥಾನ್ 2ರ ಕಾಲ 2020ರ ಜನವರಿ 1ಕ್ಕೆ ಮುಗಿದಿತ್ತು.

ಮತ್ತೆ 'ಸೆಟಪ್ ಡಾಟ್ ಪೈ ಇನ್‌ಸ್ಟಾಲ್' ಎಲೆ. ಇದು ಪೈಥಾನ್ ಲೈಬ್ರರಿ ಹಾಕುವ ಹಳೆ ಕಮಾಂಡ್. ಇದಕ್ಕೆ ಬೆನ್ನೆಲುಬಾಗಿದ್ದ ಡಿಸ್ಟ್‌ಯುಟಿಲ್ಸ್ 2000ದಲ್ಲಿ ಪೈಥಾನಿನೊಳಗೆ ಬಂತು, 2023ರ ಅಕ್ಟೋಬರಿನಲ್ಲಿ 3.12 ಬಂದಾಗ ಹೊರಗೆ ಹೋಯಿತು. ಹೋಗುವ ಮುಂಚೆ ವರ್ಷಗಟ್ಟಲೆ ನೋಟಿಸು ಕೊಟ್ಟಿದ್ದರು. ಪೈಥಾನಿನ ಅಧಿಕೃತ ಡಾಕ್ಸಿನಲ್ಲೇ ಆ ಹಳೆ ಪುಟಗಳ ನೆತ್ತಿಯ ಮೇಲೆ ಒಂದು ಚೀಟಿ ಇತ್ತು: ಈ ವಿಷಯ ಬೇರೆ ಕಡೆ ಪೂರ್ತಿ ಬರೆದಾಗುವವರೆಗೆ ಮಾತ್ರ ಇದನ್ನು ಇಲ್ಲಿ ಇಟ್ಟಿದ್ದೇವೆ ಅಂತ. ನನಗೆ ಆ ಚೀಟಿ ತುಂಬ ಇಷ್ಟ. ತೆಗೆಯಲಿಕ್ಕೆ ಇನ್ನೂ ಆಗಿಲ್ಲ, ಯಾಕೆ ಆಗಿಲ್ಲ, ಯಾವಾಗ ತೆಗೀತೇವೆ, ಮೂರೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಲೆಕ್ಕಾಚಾರದ ಪೈಥಾನ್ ಲೈಬ್ರರಿ ನಂಪೈಯಂಥ ದೊಡ್ಡ ಮನೆಯವರಿಗೂ ಇದರ ಬಿಸಿ ತಟ್ಟಿತು. ಅವರು 1.26ರಲ್ಲಿ ಮೀಸಾನ್ ಅನ್ನುವ ಬೇರೆ ಬಿಲ್ಡ್ ವ್ಯವಸ್ಥೆಗೆ ಹೋದರು. ಅದೇ ಬಗೆಯ ಇನ್ನೊಂದು ಲೈಬ್ರರಿ ಸೈಪೈ ಅದಕ್ಕಿಂತ ಒಂದು ವರ್ಷ ಮೊದಲೇ ಹೋಗಿತ್ತು.

ಈ ಸೆಟಪ್ ಸಾಲು ಬಜಪೆ ಜಾತಿಯದ್ದು. 3.12ಕ್ಕಿಂತ ಹಿಂದಿನ ಪೈಥಾನ್ ಇದ್ದವರಿಗೆ ಅದು ಕೆಲಸ ಮಾಡ್ತದೆ. ಎರರ್ ಬರುವುದಿಲ್ಲ, ಲೈಬ್ರರಿ ಬಂದು ಕೂರ್ತದೆ, ಎಲ್ಲ ಸಸೂತ್ರ. ಆರು ತಿಂಗಳ ನಂತರ ಹೊಸ ಆವೃತ್ತಿ ಹಾಕಲಿಕ್ಕೆ ಹೊರಟರೆ ಪೈಥಾನ್ ಪ್ಯಾಕೇಜು ಹಾಕಿ ತೆಗೆಯುವ ಸಾಧನ ಪಿಪ್ ಕೈ ಎತ್ತುತ್ತದೆ: ಇದು ಡಿಸ್ಟ್‌ಯುಟಿಲ್ಸ್ ಹಾಕಿದ್ದು, ಯಾವ ಯಾವ ಕಡತ ಎಲ್ಲೆಲ್ಲಿ ಉಂಟು ಅಂತ ನನಗೆ ಗೊತ್ತಿಲ್ಲ, ತೆಗೆಯಲಿಕ್ಕೆ ಆಗುವುದಿಲ್ಲ. ಪೆಟ್ಟು ಬಿದ್ದದ್ದು ಆರು ತಿಂಗಳ ಹಿಂದೆ, ನೋವು ಇವತ್ತು. ಯಾರೂ ಇದನ್ನು ಇನ್‌ಸ್ಟಾಲ್ ಪುಟಕ್ಕೆ ಗಂಟು ಹಾಕಿ ನೋಡುವುದಿಲ್ಲ.

ಎಲ್ಲಕ್ಕಿಂತ ಮೇಲಿನ ಎಲೆ 'ಸುಡೊ ಪಿಪ್ ಇನ್‌ಸ್ಟಾಲ್'. ಸುಡೊ ಅಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ ಓಡಿಸುವುದು. ಲಿನಕ್ಸಿನ ಸ್ವಂತ ಕೆಲಸಗಳಿಗೆ ಬೇಕಾದ ಪೈಥಾನ್ ಪ್ಯಾಕೇಜುಗಳ ಮೇಲೆಯೇ ನಮ್ಮದನ್ನು ಸುರಿಯುವ ದಾರಿ ಇದು. 2023ರಲ್ಲಿ ಬಂದ ಡೆಬಿಯನ್ 12 ಅನ್ನುವ ಲಿನಕ್ಸ್ ಇದನ್ನು ಬಾಗಿಲಲ್ಲೇ ತಡೆದು, ಈ ಪೈಥಾನನ್ನು ನೋಡಿಕೊಳ್ಳುವವರು ಬೇರೆ ಇದ್ದಾರೆ, ನೀವು ನಿಮ್ಮದೇ ಬೇರೆ ವಾತಾವರಣ ಮಾಡಿಕೊಳ್ಳಿ ಅಂತ ಹೇಳ್ತದೆ. ಹಟ ಹಿಡಿಯುವವರಿಗೆ ಒಂದು ಫ್ಲ್ಯಾಗೂ ಕೊಟ್ಟಿದ್ದಾರೆ, ಅದರ ಹೆಸರು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್'. ಹೆಸರಿನಲ್ಲೇ ಒಡೀತೇನೆ ಅಂತ ಹೇಳುವ ಫ್ಲ್ಯಾಗ್ ಮಾರಾಯ್ರೆ! ನಮ್ಮ ಪುಟದಲ್ಲಿ ಅದನ್ನು ಸೇರಿಸಿ ಅಂತ ಒಬ್ಬರು ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸಿದರು, ನಾನು ಓದದೆ ಒಪ್ಪಿಕೊಳ್ಳುವುದರಲ್ಲಿದ್ದೆ.

ಆ ಪ್ಯಾಚ್ ಒಂದು ರೋಗದ ಲಕ್ಷಣ. ನಮ್ಮಲ್ಲಿ ಯಾರೂ ಸಾಲು ತೆಗೆಯುವುದಿಲ್ಲ, ಕೆಳಗೆ ಇನ್ನೊಂದು ಸಾಲು ಸೇರಿಸ್ತಾರೆ. 'ಮೇಲಿನದ್ದು ಆಗದಿದ್ದರೆ ಇದನ್ನು ನೋಡಿ.' ಅದರ ಕೆಳಗೆ ಮತ್ತೊಂದು, 'ಅದೂ ಆಗದಿದ್ದರೆ'. ಸೇರಿಸಿದವನಿಗೆ ಧನ್ಯವಾದ ಸಿಗ್ತದೆ, ತೆಗೆದವನಿಗೆ ಬೈಗುಳ ಸಿಗಬಹುದು. ಇರಲಿ ಬಿಡಿ, ಯಾರಿಗಾದರೂ ಬೇಕಾಗಬಹುದು, ಅದೇನು ಅನ್ನ ಕೇಳ್ತದಾ ಅಂತ. ಈ ಹೆದರಿಕೆ ಹೊಸದಲ್ಲ. ಮೇಕ್ ಬರೆದ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ, ಮೇಕ್‌ಫೈಲ್‌ನ ಕಮಾಂಡ್ ಸಾಲುಗಳ ಮುಂದೆ ಟ್ಯಾಬ್ ಇರಲೇಬೇಕು ಅನ್ನುವ ನಿಯಮ ಇಟ್ಟುಬಿಟ್ಟರು. ಅದು ತೊಂದರೆ ಅಂತ ಬೇಗನೆ ಗೊತ್ತಾಯಿತು. ಆದರೆ ಅಷ್ಟು ಹೊತ್ತಿಗೆ ಹನ್ನೆರಡೋ ಏನೋ ಜನ ಬಳಸುತ್ತಿದ್ದರು, ಹೆಚ್ಚಿನವರು ಅವರ ಗೆಳೆಯರೇ. ಅವರಿಗೆ ಯಾಕೆ ತೊಂದರೆ ಅಂತ ಬಿಟ್ಟರು. ಆ ಹತ್ತಾರು ಗೆಳೆಯರ ಸೌಕರ್ಯಕ್ಕೆ ನಾವೆಲ್ಲ ಇವತ್ತಿಗೂ ಟ್ಯಾಬ್ ಒತ್ತುತ್ತಾ ಇದ್ದೇವೆ.

(ಇಲ್ಲಿ ಕರೆಂಟು ಹೋಯಿತು. ಜನರೇಟರ್ ಶುರುವಾಗುವವರೆಗೆ ಚಹಾ, ಗೋಳಿಬಜೆ.)

ಸರಿ, ತೆಗೆದ ಬಗೆ ಹೇಳ್ತೇನೆ. ಮೊದಲು ನಾನು ಹುಮ್ಮಸ್ಸಿನಲ್ಲಿ ಒಂದೇ ರಾತ್ರಿ ಕೂತು ಎಲ್ಲ ಕತ್ತರಿಸಿದೆ. ಬೆಳಿಗ್ಗೆ ನಮ್ಮ ತಂಡದವಳೊಬ್ಬಳು ಕೇಳಿದ್ದು ಒಂದೇ ಪ್ರಶ್ನೆ: 'ಇದು ಕೆಲಸ ಮಾಡುವುದಿಲ್ಲ ಅಂತ ನೀವು ಮಾಡಿ ನೋಡಿದ್ದೀರಾ, ಅಲ್ಲ ವರ್ಷ ನೋಡಿ ತೆಗೆದದ್ದಾ?' ನಾನು ವರ್ಷ ನೋಡಿ ತೆಗೆದದ್ದು. ಆ ಕಮಿಟ್, ಅಂದರೆ ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆ, ವಾಪಸು ತೆಗೆದುಕೊಂಡೆ.

ಆಮೇಲೆ ನಿಯಮ ಮಾಡಿದೆವು. ಒಂದು ಸಾಲು ತೆಗೆಯಬೇಕಾದರೆ ಅದು ಯಾವಾಗ, ಯಾಕೆ ಬಂತು ಅಂತ ಮೊದಲು ಗೊತ್ತಾಗಬೇಕು. ಗಿಟ್ ಬ್ಲೇಮ್ ಮಾಡಿದರೆ ಹೆಚ್ಚಿನ ಸಲ ಸಿಗುವುದು ಕೊನೆಗೆ ಕಾಮಾ ಸರಿ ಮಾಡಿದವನ ಹೆಸರು. ಲಾಗ್‌ಗೆ ದೊಡ್ಡ ಎಸ್ ಆಯ್ಕೆ ಕೊಟ್ಟು ಆ ಪದವನ್ನೇ ಹುಡುಕಿದರೆ ಅದು ಮೊದಲು ಹುಟ್ಟಿದ ಕಮಿಟ್ ಸಿಗ್ತದೆ. ಸಿ++11 ಸಾಲಿನ ಕಮಿಟ್ ಸಂದೇಶದಲ್ಲಿ ಇದ್ದದ್ದು 'ಬಿಲ್ಡ್ ಸರಿ ಮಾಡಿದ್ದು' ಅಂತ ಮಾತ್ರ. ಯಾವ ಕಂಪೈಲರಿಗೆ, ಯಾವ ಎರರ್‌ಗೆ, ಒಂದೂ ಇಲ್ಲ. ಆ ಕಮಿಟ್ ಬೇರೆ ಯಾರದ್ದೂ ಅಲ್ಲ, ನನ್ನದೇ.

ಎರಡನೆಯದು, ಪ್ರತಿಯೊಂದನ್ನೂ ಬರಿದಾದ ಯಂತ್ರದಲ್ಲಿ ಮಾಡಿ ನೋಡುವುದು. ಬರಿದು ಅಂದರೆ ಕಂಟೇನರು, ಯಂತ್ರದೊಳಗೇ ಬೇರೆಯಾಗಿ ತೆರೆಯುವ ಒಂದು ಖಾಲಿ ಲಿನಕ್ಸ್. ಡೆಬಿಯನ್, ಉಬುಂಟು, ಫೆಡೋರಾ ಒಂದೊಂದರ ಬೆತ್ತಲೆ ಪ್ರತಿ ತೆಗೆದು, ಪುಟದಲ್ಲಿ ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡುವುದು, ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. ಇದು ತುಂಬ ಕಷ್ಟ. ಗೊತ್ತಿದ್ದವನ ಬೆರಳು ತಾನಾಗಿ ತಪ್ಪು ತಿದ್ದಿಬಿಡ್ತದೆ. ಕೊನೆಗೆ ಇದಕ್ಕೆ ಆ ಮೇಲ್ ಬರೆದ ಹುಡುಗನನ್ನೇ ಕೂರಿಸಿದೆವು. ಅವನು ಓದಿದ ಹಾಗೆ ಮಾಡಿದ, ಎಲ್ಲಿ ನಿಂತ ಅಂತ ಬರೆದಿಟ್ಟ. ಅವನು ಹಿಡಿದ ಒಂದು ವಿಷಯ ನಮಗೆ ಹೊಳೆದಿರಲೇ ಇಲ್ಲ: ಪುಟದಲ್ಲಿ 'ಮೇಲಿನ ಫೋಲ್ಡರಿಗೆ ಹೋಗಿ' ಅಂತ ಇತ್ತು, ಆ 'ಮೇಲಿನ' ಹೇಳುವ ಪ್ಯಾರಾವನ್ನು ನಾಲ್ಕು ವರ್ಷದ ಹಿಂದೆ ಯಾರೋ ತೆಗೆದಿದ್ದರು. ಸೆಂಟ್‌ಒಎಸ್ 7 ಅನ್ನುವ ಹಳೆ ಲಿನಕ್ಸಿನ ಸಾಲುಗಳೂ ಅವನ ಕೈಯಲ್ಲೇ ಬಿದ್ದವು. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿದದ್ದು, ಪ್ಯಾಕೇಜು ಇಳಿಸುವ ವಿಳಾಸವೇ ಉತ್ತರ ಕೊಡುವುದಿಲ್ಲ.

ಹೀಗೆ ಮಾಡಿದರೂ ಒಂದು ಕಡೆ ನಾವು ಎಡವಿದೆವು. ಡಾಕ್ಸಿನಲ್ಲಿ ಇಂಟರ್ನೆಟ್ ಇಲ್ಲದ ವಿಂಡೋಸ್ 7 ಯಂತ್ರಕ್ಕೆ ಪೆನ್‌ಡ್ರೈವಿನಲ್ಲಿ ಒಯ್ದು ಹಾಕುವ ವಿಧಾನ ಒಂದಿತ್ತು, ಪೈಥಾನ್ 2.7ರದ್ದು. ಪೈಥಾನ್ 2 ಮುಗಿದು ಇಷ್ಟು ವರ್ಷ ಆಯಿತು, ಇನ್ನು ಯಾರಿಗೆ ಅಂತ ತೆಗೆದೆವು. ಹದಿನೈದು ದಿನಕ್ಕೆ ಉಡುಪಿ ಕಡೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನವರ ಫೋನು. ಅವರಲ್ಲಿ ಈಗಲೂ ಪುಟ ವಿನ್ಯಾಸದ ಪೇಜ್‌ಮೇಕರ್ ಓಡುವ ಒಂದು ಹಳೆ ಯಂತ್ರ ಉಂಟು, ಇಪ್ಪತ್ತು ವರ್ಷದ ಪುಸ್ತಕಗಳ ಕಡತ ಎಲ್ಲ ಅದರಲ್ಲೇ. ವೈರಸ್ ಬರ್ತದೆ ಅಂತ ಅದಕ್ಕೆ ನೆಟ್ ಕೊಟ್ಟಿಲ್ಲ. 'ನಿಮ್ಮವರು ನಮ್ಮ ಪುಟ ತೆಗೆದದ್ದಾ?' ಅಂತ ಕೇಳಿದರು. ನಮ್ಮ ಪುಟ! ನಾವು ತಲೆ ಕೆರೆದುಕೊಂಡೆವು. ಹಳೆ ಫಾಂಟಿನಿಂದ ಬಿಡುಗಡೆ ಕೊಡುವ ಲೈಬ್ರರಿ ಮಾಡಿದವರು ನಾವು. ಹಳೆ ಫಾಂಟ್ ಇರುವುದು ಎಲ್ಲಿ? ಹಳೆ ಯಂತ್ರದಲ್ಲಿ. ಯಾರಿಗೋಸ್ಕರ ಲೈಬ್ರರಿ ಉಂಟೋ ಅವರ ಮೆಟ್ಟಿಲನ್ನೇ ಕಿತ್ತಿದ್ದೆವು. ಅದು ಹಳೆಯದು, ಹಳಸಿರಲಿಲ್ಲ. ನಮ್ಮ ಬರಿದಾದ ಕಂಟೇನರುಗಳಲ್ಲಿ ವಿಂಡೋಸ್ 7 ಇರಲಿಲ್ಲ, ಹಾಗಾಗಿ ಮೂಸಿಯೂ ನೋಡಿರಲಿಲ್ಲ.

ವಾಪಸು ತಂದೆವು, ಆದರೆ ಇದ್ದ ಜಾಗಕ್ಕೆ ಅಲ್ಲ. ಪೈಥಾನ್ 2.7ನ್ನು ಬೆಂಬಲಿಸಿದ ನಮ್ಮ ಕೊನೆಯ ಆವೃತ್ತಿಯ ಡಾಕ್ಸಿನೊಳಗೆ ಇಟ್ಟೆವು. ಸೋರ್ಸ್ ಕೋಡಿಗೆ ಆವೃತ್ತಿ ಇದ್ದ ಹಾಗೆ ಡಾಕ್ಸಿಗೂ ಆವೃತ್ತಿ ಇರಬೇಕು; ಆ ಆವೃತ್ತಿ ಬೇಕಾದವನಿಗೆ ಆ ಆವೃತ್ತಿಯ ಪುಟ. ನೆತ್ತಿಯ ಮೇಲೆ ಹಳದಿ ಪಟ್ಟಿ: ಇದು ಹಳೆ ಆವೃತ್ತಿಯದ್ದು, ಹೊಸತು ಬೇಕಾದವರು ಇಲ್ಲಿ ಹೋಗಿ. ಮುಖ್ಯ ಪುಟದಿಂದ ಒಂದು ಸಾಲಿನ ಕೊಂಡಿ. ಪೂರ್ತಿ ತೆಗೆದ ಪುಟಗಳ ವಿಳಾಸಕ್ಕೆ ಬಂದವರನ್ನು 301, ಅಂದರೆ 'ವಿಳಾಸ ಬದಲಾಗಿದೆ' ಅನ್ನುವ ಸಂಕೇತ, ಕೊಟ್ಟು ಹೊಸ ಪುಟಕ್ಕೆ ಕಳಿಸ್ತೇವೆ. 'ಪುಟ ಸಿಗಲಿಲ್ಲ' ಅನ್ನುವ 404ರ ಬೋಳು ಗೋಡೆಗೆ ಹಣೆ ಚಚ್ಚಿಸುವುದು ಬೇಡ ಅಂತ.

ಇಷ್ಟಾದ ಮೇಲೆ ಒಂದು ತಮಾಷೆ. ಎಲ್ಲ ಸರಿ ಮಾಡಿದರೂ ಸರ್ಚ್ ಮಾಡಿದರೆ ಮೊದಲು ಬರುವುದು ಹಳೆ ಪುಟವೇ! ಕಾರಣ, ಡಾಕ್ಸಿನ ಇನ್ನೊಂದು ಪ್ರತಿ ಬೇರೆ ಒಂದು ಸೈಟಿನಲ್ಲಿ ಇತ್ತು, ಅದರ ಪಾಸ್‌ವರ್ಡ್ ಇದ್ದವರು ದೇಶ ಬಿಟ್ಟು ಹೋಗಿ ವರ್ಷಗಳಾಗಿತ್ತು. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ಆಗ್ತದಲ್ಲ, ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಕೃಷ್ಣನ ಪೂಜೆಯ ಅಧಿಕಾರ ಹೋಗ್ತದೆ. ಆಗ ಹಸ್ತಾಂತರ ಆಗುವುದು ಏನು? ಅಕ್ಷಯಪಾತ್ರೆ, ಸಟ್ಟುಗ, ಕೀಲಿಕೈ. ಸಟ್ಟುಗವೂ ಲೆಕ್ಕದಲ್ಲಿ ಉಂಟು, ನೋಡಿ. ನಮ್ಮ ಪ್ರಾಜೆಕ್ಟಿನಲ್ಲಿ ರೆಪೊದ, ಅಂದರೆ ಕೋಡಿನ ಉಗ್ರಾಣದ, ಅಧಿಕಾರ ಚೆನ್ನಾಗಿ ಕೈ ಬದಲಾಯಿಸಿತ್ತು, ಡಾಕ್ಸಿನ ಸೈಟಿನ ಕೀಲಿಕೈ ಯಾರೂ ಕೇಳಲಿಲ್ಲ, ಯಾರೂ ಕೊಡಲಿಲ್ಲ. ಅವರನ್ನು ಹುಡುಕಿ, ಅವರು ಹಳೆ ಇಮೇಲ್ ತೆರೆಸಿಕೊಂಡು, ಅದರ ಒಟಿಪಿ ಯಾವುದೋ ರದ್ದಾದ ನಂಬರಿಗೆ ಹೋಗಿ, ಅಬ್ಬಾ, ನಾಲ್ಕು ತಿಂಗಳಲ್ಲಿ ಒಂದೂವರೆ ತಿಂಗಳು ಇದಕ್ಕೇ ಹೋಯಿತು.

ಈಗ ಇನ್‌ಸ್ಟಾಲ್ ಪುಟದ ಕಮಾಂಡುಗಳನ್ನು ವಾರಕ್ಕೊಮ್ಮೆ ಒಂದು ಸ್ಕ್ರಿಪ್ಟ್ ಪುಟದಿಂದಲೇ ಹೆಕ್ಕಿ ಬರಿದಾದ ಕಂಟೇನರಿನಲ್ಲಿ ಓಡಿಸ್ತದೆ. ಓಡದಿದ್ದರೆ ನಮಗೆ ಮೇಲ್ ಬರ್ತದೆ. ಬೆಲ್ ಒತ್ತಿ ನೋಡಲಿಕ್ಕೆ ಒಂದು ಯಂತ್ರ ಇಟ್ಟ ಹಾಗೆ. ಪುಟದಲ್ಲಿ ಉಳಿದದ್ದು ಒಂದೂವರೆ ಪುಟ. ಸ್ಕ್ರಿಪ್ಟ್ ಓಡಿಸಲಿಕ್ಕೆ ಆಗದ ಯಾವ ಕಮಾಂಡೂ ಈ ಪುಟದಲ್ಲಿ ಇರಬಾರದು ಅಂತ ಮಾಡಿದ್ದೇವೆ. ಇದು ಸ್ವಲ್ಪ ಅತಿ ಅಂತ ನನ್ನ ತಂಡದವರಿಗೆ ಅನ್ನಿಸ್ತದೆ. ಇರಲಿ.

ಎಐಯನ್ನು ಕೇಳಿದರೆ ಸಾಕಲ್ಲ, ಡಾಕ್ಸ್ ಯಾರಿಗೆ ಬೇಕು ಅಂತ ಈಚೆ ಕೆಲವರು ಕೇಳ್ತಾರೆ. ನಾನು ಕೇಳಿ ನೋಡಿದೆ. ಬಹಳ ವಿನಯದಿಂದ, ಹೆಜ್ಜೆ ಹೆಜ್ಜೆಯಾಗಿ ವಿವರಿಸಿ, ಸಿ++11 ಫ್ಲ್ಯಾಗ್ ಹಾಕಿ ಅಂತ ಹೇಳಿತು. ಅದು ಕಲಿತದ್ದು ಎಲ್ಲಿಂದ ಅಂತ ನಾನು ಬೇರೆ ಹೇಳಬೇಕಾ?

ಪ್ರಶ್ನೋತ್ತರದಲ್ಲಿ ಹಲವು ಪ್ರಶ್ನೆ ಬಂದವು, ಒಂದನ್ನು ಮಾತ್ರ ಇಲ್ಲಿ ಬರೀತೇನೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: 'ಆ ವಿಂಡೋಸ್ ಪುಟ ಬರೆದವರು ಈಗ ಇದ್ದಾರಾ? ಅವರಿಗೆ ಬೇಸರ ಆಗಲಿಲ್ವಾ?'

ಇದ್ದಾರೆ. ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು, ನಾವೆಲ್ಲ ಮಾಷ್ಟ್ರು ಅಂತ ಕರೆಯುವುದು. ಪೆನ್‌ಡ್ರೈವಿನ ವಿಧಾನ ಬರೆದವರೂ ಅವರೇ, ಪ್ರೆಸ್ಸಿನವರಿಗೆ ನನ್ನ ನಂಬರ್ ಕೊಟ್ಟವರೂ ಅವರೇ. ತೆಗೆಯುವ ಮೊದಲು ನಾನೇ ಅವರ ಮನೆಗೆ ಹೋಗಿ ಲ್ಯಾಪ್‌ಟಾಪ್ ತೆರೆದು ತೋರಿಸಿದ್ದೆ, ಕೆಂಪು ಬಣ್ಣದಲ್ಲಿ ಅವರ ಒಂದೂವರೆ ಪುಟ. ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದರು. ಒಂದು ಕಡೆ ಅಕ್ಷರ ತಪ್ಪು ಉಂಟು ಅಂತ ತೋರಿಸಿದರು, ಅಳಿಸುವ ಪುಟದಲ್ಲಿ. ಆಮೇಲೆ ಕೇಳಿದರು, 'ಈ ವಿಸಿವಾರ್ಸ್‌ಆಲ್ ಗಂಟು ಬಿಡಿಸಲಿಕ್ಕೆ ನನಗೆ ಮೂರು ರಾತ್ರಿ ಹೋಗಿತ್ತು ಮಾರಾಯ. ತೆಗೆಯಲಿಕ್ಕೆ ನಿಮಗೆ ಎಷ್ಟು ಹೊತ್ತು ಹಿಡೀತದೆ?'

ಒಂದು ವಾರ ಸಾಕು ಮಾಷ್ಟ್ರೇ ಅಂದೆ. ಅವರು ನಕ್ಕು, ಒಳಗೆ ಕಾಫಿಗೆ ಹೇಳಿದರು.